ಬೋರ್ಡಿನ ಕೆಳಗಿನ ಅರ್ಧ

ಇವತ್ತು ಬೆಳಿಗ್ಗೆಯಿಂದ ನನ್ನ ಬೆರಳುಗಳಿಗೆ ತೊಂಡೆ ಸೊಪ್ಪಿನ ವಾಸನೆ. ಎರಡು ಸಲ ಸೋಪು ಹಾಕಿ ತೊಳೆದೆ, ಹೋಗಲಿಲ್ಲ. ಹಸಿ ಎಲೆಯ ಕಹಿ, ಅದರ ಹಿಂದೆ ಒದ್ದೆ ಇದ್ದಿಲಿನ ಮಂಕು. ನೀವು ನನ್ನ ವಯಸ್ಸಿನವರಾಗಿದ್ದು ಹಳ್ಳಿಯ ಶಾಲೆಯಲ್ಲಿ ಓದಿದ್ದರೆ ನಿಮಗೂ ಇದು ಗೊತ್ತಿರುತ್ತದೆ. ಶನಿವಾರ ತರಗತಿಯ ಕಪ್ಪು ಹಲಗೆಯನ್ನು ಕೆಳಗಿಳಿಸಿ, ತೊಂಡೆ ಸೊಪ್ಪು, ಇದ್ದಿಲ ಪುಡಿ, ಹಳೇ ಬ್ಯಾಟರಿ ಒಡೆದು ತೆಗೆದ ಮಸಿ ಎಲ್ಲ ಸೇರಿಸಿ ಉಜ್ಜುತ್ತಿದ್ದೆವಲ್ಲ, ಅದೇ ವಾಸನೆ.

ನಾನು ಕಾಂಪೌಂಡಿನ ಬಳ್ಳಿಯಿಂದ ಎಲೆ ಕೀಳುತ್ತಿದ್ದುದನ್ನು ಹೆಂಡತಿ ಅಡುಗೆಮನೆಯ ಕಿಟಕಿಯಿಂದ ನೋಡಿದಳು.

“ಅಲ್ಲಾ ರೀ, ಕಾಯಿ ಬಿಟ್ಟು ಎಲೆ ಕೀಳ್ತಿದ್ದೀರಲ್ಲ, ಇದ್ಯಾವ ಹೊಸ ಪಥ್ಯ?”

“ಬೋರ್ಡಿಗೆ,” ಅಂದೆ.

ಅವಳು ಕಿಟಕಿಯಿಂದ ಸರಿದಳು. ಆಮೇಲೆ ಒಂದು ಹಳೇ ಪಾತ್ರೆ ತಂದು ಕಟ್ಟೆಯ ಮೇಲಿಟ್ಟು ಒಳಗೆ ಹೋದಳು. ಮಾತಾಡದೆ ಪಾತ್ರೆ ಕೊಡುವುದು ನಮ್ಮ ಮನೆಯಲ್ಲಿ ದೊಡ್ಡ ಒಪ್ಪಿಗೆ.

ಯಾವ ಬೋರ್ಡು, ಈ ವಯಸ್ಸಿನಲ್ಲಿ ಅದಕ್ಕೆ ಯಾಕೆ ಮಸಿ ಹಚ್ಚಬೇಕಾಯಿತು ಎಂಬುದನ್ನು ನಿಧಾನವಾಗಿ ಹೇಳುತ್ತೇನೆ. ಅವಸರದಲ್ಲಿ ಮಾಡಿದ ಕೆಲಸದ ಕಥೆ ಇದು. ಹೇಳುವಾಗಲಾದರೂ ಅವಸರ ಬೇಡ.

ನಮ್ಮೂರು ವಿಜಯಪುರ. ದೇವನಹಳ್ಳಿ ತಾಲ್ಲೂಕಿನದು. ಉತ್ತರದ ದೊಡ್ಡ ವಿಜಯಪುರವಲ್ಲ ಎಂದು ಹೇಳಿ ಹೇಳಿ ನಮ್ಮೂರಿನವರ ಬಾಯಿ ಸವೆದಿದೆ. ರೇಷ್ಮೆ ನೂಲು ತೆಗೆಯುವ ಊರು. ಈಗ ಊರಿನ ಸುದ್ದಿಯೆಲ್ಲ ಫೋನಿನಲ್ಲಿ ಬರುತ್ತದೆ. ‘ನಮ್ಮೂರ ಕಾರ್ಯಕ್ರಮಗಳು’ ಎಂಬ ಗ್ರೂಪಿಗೆ ನಾನೂ ಒಬ್ಬ ಅಡ್ಮಿನ್. ನಿವೃತ್ತ ಮನುಷ್ಯ ಖಾಲಿ ಇರುತ್ತಾನೆಂದು ಸೇರಿಸಿದ್ದಾರೆ. ಈ ವಾರದ ಪಟ್ಟಿಯಲ್ಲಿ ಹೊನಲು ಬೆಳಕಿನ ಕಬಡ್ಡಿ ಇದೆ, ಹೆಂಗಸರಿಗೆ ರಂಗೋಲಿ ಸ್ಪರ್ಧೆ ಇದೆ, ಹವ್ಯಾಸಿಗಳ ಪೌರಾಣಿಕ ನಾಟಕ ಇದೆ, ಭಾನುವಾರ ಉಚಿತ ನೇತ್ರ ತಪಾಸಣೆ ಇದೆ. ಅವುಗಳ ನಡುವೆ ಮೂವತ್ತು ಜನರ ಶುಭೋದಯ, ಗುಲಾಬಿ ಹೂವು, ಆವಿಯಾಡುವ ಕಾಫಿ ಲೋಟ. ಯಾರಾದರೂ ತಪ್ಪು ಹಾಕಿ ಅಳಿಸಿದರೆ ಫೋನು ಅದನ್ನೂ ಹೇಳುತ್ತದೆ: ಇಲ್ಲೊಂದು ಸಂದೇಶವಿತ್ತು, ಅಳಿಸಲಾಗಿದೆ. ತಕ್ಷಣ ನಾಲ್ಕು ಜನ ಕೇಳುತ್ತಾರೆ, ‘ಏನ್ ಗುರು, ಏನ್ ಡಿಲೀಟ್ ಮಾಡ್ದೆ?’ ಮೊದಮೊದಲು ನನಗೆ ಇದು ತಮಾಷೆಯಾಗಿತ್ತು. ಈಗ ಆ ಸಾಲು ಕಂಡಾಗಲೆಲ್ಲ ಮನಸ್ಸು ಒಂದು ಕ್ಷಣ ನಿಲ್ಲುತ್ತದೆ. ಕಪ್ಪು ಹಲಗೆಗೆ ಆ ಗುಣವಿರಲಿಲ್ಲ. ಅಲ್ಲಿ ಒದ್ದೆ ಬಟ್ಟೆ ಆಡಿಸಿದರೆ ಏನಿತ್ತು ಎಂಬುದು ಯಾರಿಗೂ ತಿಳಿಯುತ್ತಿರಲಿಲ್ಲ.

ಇಪ್ಪತ್ತೈದು ವರ್ಷಕ್ಕೆ ಹತ್ತಿರವಾಯಿತು. ಆಗ ನಮ್ಮ ಬಸ್ ನಿಲ್ದಾಣದ ಸರ್ಕಲ್ಲಿನಲ್ಲಿ, ವಾಚನಾಲಯಕ್ಕೆ ಹೋಗುವ ತಿರುವಿನಲ್ಲಿ ಆ ಬೋರ್ಡಿತ್ತು. ಆರಡಿ ಅಗಲ, ನಾಲ್ಕಡಿ ಎತ್ತರ, ಹಲಸಿನ ಹಲಗೆ, ಮೇಲೆ ಮಳೆಗೆ ತಗಡಿನ ಮುಚ್ಚಳ. ವಾಚನಾಲಯದವರದ್ದು. ನಾನು ಒಂದು ಪ್ರೌಢಶಾಲೆಯಲ್ಲಿ ಗುಮಾಸ್ತನಾಗಿದ್ದೆ, ಸಂಜೆ ವಾಚನಾಲಯದ ಕಾರ್ಯದರ್ಶಿ. ಶಾಲೆಯೊಳಗೆ ಓಡಾಡುವವನೆಂದು ಊರಿನವರೆಲ್ಲ ನನ್ನನ್ನು ‘ಮೇಷ್ಟ್ರು’ ಅನ್ನುತ್ತಿದ್ದರು. ತಿದ್ದಲು ನಾನು ಎಂದೂ ಹೋಗಲಿಲ್ಲ.

ಬೋರ್ಡು ಬರೆಯುವುದನ್ನು ನನಗೆ ಕಲಿಸಿದವರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಸೀತಾರಾಮಯ್ಯನವರು. ಬೋರ್ಡಿನ ಮೇಲಿನ ಅರ್ಧದಲ್ಲಿ ಅಂದಿನ ದಿನಾಂಕ, ವಾರ, ಮಾರುಕಟ್ಟೆಯಲ್ಲಿ ರೇಷ್ಮೆ ಗೂಡಿನ ಧಾರಣೆ. ಕೆಳಗಿನ ಅರ್ಧದಲ್ಲಿ ಮುಂದೆ ನಡೆಯುವ ಕಾರ್ಯಕ್ರಮಗಳು: ಹರಿಕಥೆ, ನಾಟಕ, ಶಿಬಿರ, ಶಾಲಾ ವಾರ್ಷಿಕೋತ್ಸವ. ಊರಿನಲ್ಲಿ ಯಾರಾದರೂ ತೀರಿಕೊಂಡರೆ ಅದೂ ಬೋರ್ಡಿಗೆ ಬರುತ್ತಿತ್ತು. ಆಗಿನ ಕ್ರಮವನ್ನು ಸೀತಾರಾಮಯ್ಯನವರು ಮೊದಲ ದಿನವೇ ಹೇಳಿಕೊಟ್ಟಿದ್ದರು.

“ಸಾವಿನ ಸುದ್ದಿ ಬಂದ್ರೆ ಮೇಲಿನ ಅರ್ಧ ಮಾತ್ರ ಒರೆಸು ಕಣಯ್ಯ. ಕೆಳಗಿನದು ಇರೋರ್ದು. ಅವರು ಬಂದು ಮುಂದಕ್ಕೆ ಹಾಕಿದೀವಿ ಅಂದ್ರೆ ಮಾತ್ರ ಅದನ್ನ ಮುಟ್ಟು.”

ಊರಿಗೂ ಈ ಲೆಕ್ಕ ಗೊತ್ತಿತ್ತು. ಮೇಲೆ ಸಾವು, ಕೆಳಗೆ ಕಾರ್ಯಕ್ರಮ ಹಾಗೇ ಇದ್ದರೆ ಕಾರ್ಯಕ್ರಮ ನಡೆಯುತ್ತದೆ. ಕೆಳಗೆ ಖಾಲಿಯಿದ್ದರೆ ಮುಂದಕ್ಕೆ ಹೋಗಿದೆ. ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಬಸ್ಸಿನಿಂದ ಇಳಿದವರು ಅತ್ತ ಕಣ್ಣು ಹಾಯಿಸಿ ಮನೆಗೆ ಹೋಗುತ್ತಿದ್ದರು.

ನನ್ನ ಅಕ್ಷರ ಚೆನ್ನಾಗಿತ್ತು. ಇದನ್ನು ನಾನೇ ಹೇಳಿಕೊಳ್ಳಬಾರದು; ಆದರೆ ಮುಂದಿನದಕ್ಕೆಲ್ಲ ಅದೇ ಕಾರಣವಾದ್ದರಿಂದ ಹೇಳಲೇಬೇಕು. ಬರೆಯುತ್ತಿದ್ದರೆ ಹಿಂದೆ ಐದಾರು ಜನ ನಿಲ್ಲುತ್ತಿದ್ದರು. ‘ತಲೆಕಟ್ಟು ನೋಡ್ಲಾ, ಅಚ್ಚು ಒತ್ತಿದಂಗದೆ’ ಎಂದು ಒಬ್ಬ ಅಂದರೆ ಇನ್ನೊಬ್ಬ ‘ಸ್ವಾಗತ ಅನ್ನೋದು ಒಂಚೂರು ಬಲಕ್ಕೆ ಹೋಗ್ಬಿಡ್ತು ಮೇಷ್ಟ್ರೇ’ ಅನ್ನುತ್ತಿದ್ದ. ನಾನು ಕೇಳಿಸಿಕೊಳ್ಳದವನ ಹಾಗೆ ಒಂದು ಹೆಜ್ಜೆ ಹಿಂದೆ ಸರಿದು, ಕಣ್ಣು ಕಿರಿದು ಮಾಡಿ ನೋಡುತ್ತಿದ್ದೆ. ಆ ಹಿಂದೆ ಸರಿದು ನೋಡುವ ಭಂಗಿಯನ್ನು ಮನೆಯಲ್ಲಿ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದೆ ಎಂದು ಹೆಂಡತಿ ಇಂದಿಗೂ ಆಡಿಕೊಳ್ಳುತ್ತಾಳೆ. ಅದು ಸುಳ್ಳು. ಪೂರ್ತಿ ಸುಳ್ಳಲ್ಲ.

ಪಿಳ್ಳಮ್ಮ ಎಂಬವರು ಒಂದು ನೂಲು ತೆಗೆಯುವ ಘಟಕದಲ್ಲಿ ಕೆಲಸ ಮಾಡುತ್ತಿದ್ದರು. ಆಗ ಅವರಿಗೆ ಐವತ್ತು ಇರಬಹುದು, ನನಗಿಂತ ಹದಿನೈದು ವರ್ಷ ದೊಡ್ಡವರು. ಕುದಿನೀರಿನಲ್ಲಿ ಬೆಂದ ಗೂಡುಗಳಿಂದ ಎಳೆಯ ತುದಿ ಹಿಡಿದು ಯಂತ್ರಕ್ಕೆ ಕೊಡುವ ಕೆಲಸ. ದಿನವೆಲ್ಲ ಬೆರಳುಗಳು ಬಿಸಿನೀರಿನಲ್ಲೇ ಇದ್ದು ತುದಿಗಳು ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ಅವರ ಜೊತೆಯವಳಿಗೆ, ಅವಳ ಮಗಳ ವಿಷಯವಾಗಿ, ಶಾಲೆಯ ಒಂದು ಚೀಟಿ ಕೊಡಲು ನಾನು ಒಂದು ದಿನ ಆ ಘಟಕಕ್ಕೆ ಹೋದೆ. ಬೆಂದ ಹುಳದ ವಾಸನೆಗೆ ಮೂಗು ಮುಚ್ಚಿಕೊಂಡು ಬಾಗಿಲಲ್ಲಿ ನಿಂತವನು, ಒಳಗಿನಿಂದ ಹಾಡು ಕೇಳಿ ಕೈ ತೆಗೆದೆ.

ಅದು ಒಂದು ಹುಡುಗಿಯ ಹಾಡು. ಮದುವೆಯಾಗಿ ತವರಿನಿಂದ ಗಂಡನ ಮನೆಗೆ ನಡೆದು ಹೋಗುತ್ತಾಳೆ. ಅಷ್ಟೇ ಕಥೆ. ಆದರೆ ಹಾದಿಯ ಒಂದೊಂದು ಊರು, ಒಂದೊಂದು ತೋಪು, ಒಂದೊಂದು ಬಾವಿಯ ಹತ್ತಿರ ಅವಳು ನಿಲ್ಲುತ್ತಾಳೆ, ಅಲ್ಲಿನವರು ಅವಳನ್ನು ಮಾತಾಡಿಸುತ್ತಾರೆ, ಒಂದೊಂದು ಕಡೆ ಒಂದೊಂದು ವಸ್ತುವನ್ನು ಬಿಟ್ಟು ಮುಂದೆ ಹೋಗುತ್ತಾಳೆ. ಊರುಗಳೆಲ್ಲ ನಮ್ಮ ಕಡೆಯವೇ. ಯಂತ್ರಗಳ ಗದ್ದಲದ ಮೇಲೆ ಪಿಳ್ಳಮ್ಮನವರ ದನಿ ಏರದೆ, ಇಳಿಯದೆ, ಎಳೆ ಬಿಡಿಸಿದ ಹಾಗೆ ಒಂದೇ ಸಮ ಬರುತ್ತಿತ್ತು. ಹುಡುಗಿ ಒಂದು ಕೆರೆಯ ಏರಿ ಹತ್ತಿದಳು. ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಹಾಡು ನಿಂತಿತು.

“ಮುಂದೆ?” ಎಂದು ನಾನು ಬಾಗಿಲಿನಿಂದಲೇ ಕೇಳಿಬಿಟ್ಟೆ.

ಹೆಂಗಸರೆಲ್ಲ ನಕ್ಕರು. “ಮುಂದೆ ಊಟ ಮೇಷ್ಟ್ರೇ,” ಅಂದರು ಪಿಳ್ಳಮ್ಮ. “ಈ ಪದ ಮುಗೀಬೇಕಂದ್ರೆ ಮೂರು ಗಂಟೆ ಬೇಕು. ನಮ್ಮವ್ವ ಹೇಳ್ಕೊಟ್ಟಿದ್ದು. ಕೂತು ಕೇಳೋರ್ ಯಾರವ್ರೆ?”

ವಾಚನಾಲಯದಲ್ಲಿ ಹಾಡಿಸಬೇಕೆಂದು ನನಗೆ ಹೊಳೆದದ್ದು ಆಗಲೇ. ಸಂಜೆ ಅವರ ಮನೆಗೆ ಹೋಗಿ ಕೇಳಿದೆ. ಅವರು ಬಾಗಿಲಲ್ಲೇ ನಿಂತು ನನ್ನನ್ನು ಅನುಮಾನದಿಂದ ನೋಡಿದರು.

“ಬೋರ್ಡ್ ಮೇಲೆ ನನ್ನ ಹೆಸ್ರಾ? ಸತ್ತೋದ್ಮೇಲೆ ಬರೀತಾರಲ್ಲ, ಅಂಗಾ?”

“ಬದುಕಿರುವಾಗಲೇ ಬರೀತೀನಿ ಅಕ್ಕ.”

“ನಮ್ಮಂತೋರು ಸತ್ರೂ ಬರಿಯಾಕಿಲ್ಲ ಬಿಡಿ,” ಎಂದು ನಕ್ಕರು. ಆಮೇಲೆ ತಗ್ಗಿದ ದನಿಯಲ್ಲಿ, “ತೂಬಗೆರೆಯಿಂದ ನಮ್ಮ ತಂಗೀನೂ ಕರೆಸ್ತೀನಿ. ಅವಳೂ ಪೂರ್ತಿ ಕೇಳಿಲ್ಲ. ಒಂದ್ಸಲ ಪೂರ್ತಿ ಹಾಡ್ಬಿಟ್ರೆ ನಂಗೂ ಹಗುರ. ಉಸ್ರು ಯಾಕೋ ಈಚೀಚೆಗೆ ಕಟ್ತದೆ,” ಅಂದರು.

ಗುರುವಾರ ಸಂಜೆ ನಾಲ್ಕು ಗಂಟೆಗೆ ಎಂದು ಗೊತ್ತಾಯಿತು. ಭಾನುವಾರವೇ ಬೋರ್ಡಿನ ಕೆಳಗಿನ ಅರ್ಧದ ಎಡಮೂಲೆಯಲ್ಲಿ ಬರೆದೆ. ಆ ವಾರ ಬೇರೆ ಕಾರ್ಯಕ್ರಮಗಳೂ ಇದ್ದವು, ಎಲ್ಲ ಬುಧವಾರದೊಳಗೆ ಮುಗಿಯುವಂಥವು. ಒಂದು ಕಚೇರಿಯವರ ಸಮಾರಂಭವನ್ನು ನಡುವೆ ದಪ್ಪಕ್ಷರದಲ್ಲಿ ಬರೆದಿದ್ದೆ. ಪಿಳ್ಳಮ್ಮನವರದು ಚಿಕ್ಕದಾಗಿತ್ತು. ಎಷ್ಟು ಚಿಕ್ಕದೆಂದರೆ, ನನ್ನ ಅಂಗೈ ಇಟ್ಟರೆ ಹೆಸರು ಮುಚ್ಚಿಹೋಗುತ್ತಿತ್ತು. ಇದನ್ನು ನೆನಪಿಟ್ಟುಕೊಳ್ಳಿ.

ಗುರುವಾರ ಬೆಳಿಗ್ಗೆ ಊರಿನ ಹಿರಿಯ ಸಾಹುಕಾರರೊಬ್ಬರು ತೀರಿಕೊಂಡ ಸುದ್ದಿ ಬಂತು. ಒಳ್ಳೆಯ ಮನುಷ್ಯರು, ಅವರ ಹೆಸರು ಇಲ್ಲಿ ಬೇಡ. ವಾಚನಾಲಯದ ಕುರ್ಚಿ, ಬೀರುಗಳೆಲ್ಲ ಅವರ ಮನೆಯಿಂದ ಬಂದವು. ಸಂಸ್ಕಾರ ಮಧ್ಯಾಹ್ನದೊಳಗೆ ಅವರ ತೋಟದಲ್ಲೇ ಎಂದು ನಿಶ್ಚಯವಾಗಿತ್ತು. ಅವರ ಮಗ ಸರ್ಕಲ್ಲಿಗೆ ಬಂದು, “ಸಂಜೆ ಹಾಡು ಇದೆಯಂತಲ್ಲ, ನಿಲ್ಲಿಸ್ಬೇಡಿ ಮೇಷ್ಟ್ರೇ. ಅಪ್ಪಂಗೆ ಹಾಡು ಅಂದ್ರೆ ಪ್ರಾಣ,” ಎಂದರು. ಕಣ್ಣು ಕೆಂಪಾಗಿತ್ತು. ಹೇಳಿ ಅವರು ಅಲ್ಲೇ ನಿಂತರು, ನಾನು ಬರೆಯುವುದನ್ನು ನೋಡಲು.

ನಾನು ಬಕೆಟ್ಟಿನಲ್ಲಿ ಬಟ್ಟೆ ಅದ್ದಿ ಹಿಂಡಿ ಮೇಲಿನ ಅರ್ಧ ಒರೆಸಿದೆ. ಒರೆಸಿ ಒಂದು ಹೆಜ್ಜೆ ಹಿಂದೆ ಸರಿದು ನೋಡಿದೆ. ಅಷ್ಟು ದೊಡ್ಡವರಿಗೆ ಅಷ್ಟೇ ಜಾಗ ಸಾಲದು ಅನ್ನಿಸಿತು. ಎರಡು ಕಡೆ ದೀಪ ಬಿಡಿಸಬೇಕು, ಹೆಸರು ದಪ್ಪಗೆ ಬರಬೇಕು, ಕೆಳಗೆ ‘ಊರಿನ ನಾಗರಿಕರು’ ಎಂದು ಬರೆಯಬೇಕು. ಪಕ್ಕದಲ್ಲಿ ಮಗ ನಿಂತಿದ್ದಾರೆ. ಕೆಳಗಿನ ಅರ್ಧವನ್ನೂ ಒರೆಸಿದೆ. ಎಡದಿಂದ ಬಲಕ್ಕೆ ಮೂರು ಸಲ. ಕೊನೆಗೆ ಅಂಚಿನಲ್ಲಿ ಜಾಗ ಉಳಿದರೆ ಪಿಳ್ಳಮ್ಮನವರದನ್ನು ಮತ್ತೆ ಬರೆದರಾಯಿತು ಎಂದುಕೊಂಡಿದ್ದೆ. ಉಳಿಯಲಿಲ್ಲ. ದೀಪಗಳು ಚೆನ್ನಾಗಿ ಬಂದವು. ಮಗ ನನ್ನ ಕೈ ಹಿಡಿದು ಒತ್ತಿ ಹೋದರು.

ಹಾಡುವವರಿಗೆ ತಮ್ಮ ಕಾರ್ಯಕ್ರಮ ಗೊತ್ತಿರುವುದಿಲ್ಲವೇ, ಬರುತ್ತಾರೆ: ಇದು ನನ್ನ ಯೋಚನೆ. ಆ ದಿನ ಕಾರ್ಯಕ್ರಮ ನಿಂತಿಲ್ಲ ಎಂದು ಗೊತ್ತಿದ್ದದ್ದು ನನಗೆ, ವಾಚನಾಲಯದ ಇಬ್ಬರಿಗೆ, ತಂದೆಯನ್ನು ಕಳೆದುಕೊಂಡ ಆ ಮಗನಿಗೆ.

ನಾಲ್ಕು ಗಂಟೆಗೆ ವಾಚನಾಲಯದ ಹಾಲಿನಲ್ಲಿ ಜಮಖಾನ ಹಾಸಿ, ನಲವತ್ತು ಕುರ್ಚಿ ಹಾಕಿ ಕಾದೆವು. ಯಾರೂ ಬರಲಿಲ್ಲ. ನಾಲ್ಕೂವರೆಗೆ ಪತ್ರಿಕೆ ಓದುವ ಒಬ್ಬ ಅಜ್ಜ ಬಂದು, ಕುರ್ಚಿಗಳನ್ನು ನೋಡಿ ಗಾಬರಿಯಾಗಿ ಹೊರಟುಹೋದ. ಪಿಳ್ಳಮ್ಮನೂ ಬರಲಿಲ್ಲ. ಐದಕ್ಕೆ ನಾನು ಬಾಗಿಲಿಗೆ ಬಂದು ಸರ್ಕಲ್ಲಿನ ಕಡೆ ನೋಡಿದೆ. ಅಲ್ಲಿಂದ ಬೋರ್ಡು ಕಾಣುತ್ತಿತ್ತು. ಓರೆ ಬಿಸಿಲು ಅದರ ಮೇಲೆ ಬಿದ್ದಿತ್ತು. ನಾನು ಬಹಳ ಸಲ ನೆನಪಿಸಿಕೊಂಡು ಪರೀಕ್ಷಿಸಿದ್ದೇನೆ: ಆ ಕ್ಷಣ ನನ್ನ ಮನಸ್ಸಿನಲ್ಲಿ ಏನಿತ್ತು? ಬಲಗಡೆಯ ದೀಪ ಎಡಗಡೆಯದಕ್ಕಿಂತ ಚೆನ್ನಾಗಿದೆ ಎಂಬುದು. ಇನ್ನೇನೂ ಇರಲಿಲ್ಲ.

ಮರುದಿನ ಟೀ ಅಂಗಡಿಯಲ್ಲಿ ಯಾರೋ ಕೇಳಿದರು, “ಏನ್ ಮೇಷ್ಟ್ರೇ, ಹಾಡಿನ ಕಥೆ ಏನಾಯ್ತು?”

“ಆಯಮ್ಮ ಕೈ ಕೊಟ್ಟುಬಿಟ್ಟಳು. ಹೆದ್ರಿಕೊಂಡು ಬರಲೇ ಇಲ್ಲ,” ಅಂದೆ.

ಒಂದೇ ಮಾತು. ಆದರೆ ನಮ್ಮೂರಿನಲ್ಲಿ ಟೀ ಅಂಗಡಿಯ ಮಾತಿಗೆ ಬೋರ್ಡಿನ ಸಹಾಯ ಬೇಕಿಲ್ಲ. ವಾರದೊಳಗೆ ಅದು ನೂಲಿನ ಘಟಕ ಮುಟ್ಟಿತಂತೆ. ಅಲ್ಲಿನವರು ಅವರನ್ನು ‘ಬೋರ್ಡಮ್ಮ’ ಎಂದು ಕರೆಯತೊಡಗಿದರಂತೆ. ‘ಏನ್ ಬೋರ್ಡಮ್ಮ, ಪದ ಯಾವತ್ತು?’ ಇದು ನನಗೆ ಗೊತ್ತಾದದ್ದು ಬಹಳ ಆಮೇಲೆ. ಆಗ ನನಗೆ ಗೊತ್ತಿದ್ದದ್ದು ಇಷ್ಟೇ: ದಾರಿಯಲ್ಲಿ ಎರಡು ಸಲ ಎದುರಾದಾಗ ಅವರು ಮುಖ ತಿರುಗಿಸಿದರು. ತಪ್ಪು ಮಾಡಿದವರು ಅವರು, ಮುಖ ತಿರುಗಿಸುವವರೂ ಅವರೇ ಎಂದು ನನಗೆ ಸಿಟ್ಟು ಬಂತು. ನಾನೂ ತಿರುಗಿಸಿದೆ. ಮೂರು ನಾಲ್ಕು ವರ್ಷಕ್ಕೆ ಆ ಘಟಕ ಮುಚ್ಚಿತು, ಅವರು ಊರು ಬಿಟ್ಟರು. ಸೀತಾರಾಮಯ್ಯನವರು ತೀರಿಕೊಂಡರು, ಅವರ ಸುದ್ದಿಯನ್ನು ಮೇಲಿನ ಅರ್ಧದಲ್ಲೇ ಬರೆದೆ. ಆಮೇಲೆ ಫ್ಲೆಕ್ಸು ಬಂತು, ನಗುವ ಮುಖಗಳು ಸರ್ಕಲ್ಲನ್ನೆಲ್ಲ ಮುಚ್ಚಿದವು, ಬೋರ್ಡು ವಾಚನಾಲಯದ ಹಿಂಬದಿಗೆ ಹೋಯಿತು.

ಮೂರು ತಿಂಗಳ ಕೆಳಗೆ ದೇವನಹಳ್ಳಿಯಲ್ಲಿ ಒಂದು ನೇತ್ರ ಶಿಬಿರಕ್ಕೆ ಹೋಗಿದ್ದೆ. ಗ್ರೂಪಿನಲ್ಲಿ ನಾನೇ ಹಾಕಿದ್ದ ಸುದ್ದಿ ನನಗೇ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ. ಕಣ್ಣಿಗೆ ಔಷಧಿ ಬಿಟ್ಟು, ಅರ್ಧ ಗಂಟೆ ಕಣ್ಣು ಮುಚ್ಚಿಕೊಂಡು ಕೂರಿ ಎಂದು ಬೆಂಚಿನ ಮೇಲೆ ಕೂರಿಸಿದರು. ಎರಡೂ ಕಡೆ ಜನ ಹಾಗೇ ಕಣ್ಣು ಮುಚ್ಚಿ ಕೂತಿದ್ದರು. ಪಕ್ಕದಿಂದ ಒಂದು ಹೆಂಗಸಿನ ದನಿ ಬಂತು.

“ಯಾವೂರಣ್ಣ?”

“ವಿಜಯಪುರ.”

“ಅಯ್ಯೋ, ಆ ಊರಾ,” ಎಂದರು ಆಕೆ.

ಊರಿನ ಅಭಿಮಾನ ಕೆರಳಿ, “ಯಾಕಮ್ಮ, ಏನ್ ಮಾಡ್ತು ನಮ್ಮೂರು?” ಎಂದು ಕೇಳಿದೆ.

“ನಂದು ತೂಬಗೆರೆ. ನಮ್ಮಕ್ಕ ನಿಮ್ಮೂರಾಗೆ ಮೂವತ್ತು ವರ್ಸ ನೂಲು ತೆಗೆದ್ಳು. ಚೆಂದಾಗಿ ಹಾಡೋಳು. ಹಾಡು ಬಾ ಅಂತ ಅವರೇ ಕರೆದ್ರು, ಬೋರ್ಡ್ ಮೇಲೆ ಹೆಸ್ರು ಬರೆದ್ರು. ಅವಳಿಗೆ ಓದಾಕ್ ಬರಲ್ಲ. ಆದ್ರೂ ನಾಲ್ಕು ದಿವ್ಸ ದಿನಾ ಹೋಗಿ ನೋಡ್ಕಂಡ್ ಬರೋಳಂತೆ. ‘ಕೆಳಗೆ ಎರಡು ಮರಿ ಇಟ್ಕಂಡಿರೋ ಹೆಸ್ರು ಕಣೇ ನಂದು’ ಅಂತ ನಂಗೆ ಹೇಳಿದ್ಳು. ಅವತ್ತು ನಾನೂ ಬಂದಿದ್ದೆ. ಇಬ್ರೂ ಹೊಸ ಸೀರೆ ಉಟ್ಕಂಡು ಹೋದ್ವಿ. ಬೋರ್ಡ್ ಹತ್ರ ನಿಂತ್ಕಂಡು ನೋಡಿದ್ಳು. ‘ಇಲ್ಲ ಕಣೇ’ ಅಂದ್ಳು. ಅಲ್ಲಿ ಟೀ ಅಂಗ್ಡಿಯವನ್ನ ಕೇಳಿದ್ವಿ. ‘ಸಾವ್ಕಾರ್ರು ಹೋಗ್ಬಿಟ್ರು ಕಣಮ್ಮ, ಇವತ್ತೇನಿಲ್ಲ’ ಅಂದ. ಹಂಗೇ ತಿರುಗಿ ಬಂದ್ಬಿಟ್ವಿ.”

ಕಣ್ಣು ತೆರೆಯಬಾರದು ಎಂದು ಹೇಳಿದ್ದರು, ತೆರೆಯಲಿಲ್ಲ.

“ದೊಡ್ಡೋರು ಸತ್ರು, ಸರಿ. ಅದಕ್ಕೆ ನಮ್ಮಕ್ಕನ ಹೆಸ್ರು ಯಾಕಣ್ಣ ಒರೆಸ್ಬೇಕು? ಅಷ್ಟುದ್ದ ಬೋರ್ಡಲ್ಲಿ ಜಾಗ ಇರ್ಲಿಲ್ವಾ? ಆಮೇಲೆ ಅವಳೇ ಕೈ ಕೊಟ್ಳು ಅಂತ ಆಡ್ಕಂಡ್ರಂತೆ. ಅವತ್ತಿಂದ ಬಾಯಿ ತೆಗೀಲಿಲ್ಲ ನೋಡು, ಮನೆ ಮದ್ವೇಲೂ ಹಾಡ್ಲಿಲ್ಲ. ಈಗ ನನ್ ಜೊತೇನೇ ಅವ್ಳೆ.”

ಒಳಗಿನಿಂದ ಯಾರೋ ನನ್ನ ಹೆಸರು ಕರೆದರು. ನಾನು ಗೋಡೆ ಹಿಡಿದುಕೊಂಡು ಎದ್ದು ಹೋದೆ. ಬರೆದವನು ನಾನೇ ಎಂದು ಹೇಳಲಿಲ್ಲ. ಹೇಳುವುದಕ್ಕೆ ಸಮಯವಿತ್ತು, ಕರೆದ ಮೇಲೂ ಒಂದು ನಿಮಿಷವಿತ್ತು. ವಾಪಸು ಬರುವಾಗ ಬಸ್ಸಿನಲ್ಲಿ ಬೆಳಕೆಲ್ಲ ಹಿಗ್ಗಿ ಹಿಗ್ಗಿ ಕಾಣುತ್ತಿತ್ತು. ಔಷಧಿಯಿಂದ ಹಾಗಾಗುತ್ತದೆ ಎಂದು ಅವರು ಮೊದಲೇ ಹೇಳಿದ್ದರು.

ಹತ್ತು ದಿನ ಬಿಟ್ಟು, ಎರಡು ಬಸ್ಸು ಬದಲಾಯಿಸಿ ತೂಬಗೆರೆಗೆ ಹೋದೆ. ಹತ್ತು ದಿನ ಯಾಕೆ ಬೇಕಾಯಿತು ಎಂದು ಕೇಳಬೇಡಿ. ಹೆಂಡತಿ ಕೇಳಿದ್ದಾಳೆ, ಸಾಕು. ಪಿಳ್ಳಮ್ಮ ತಂಗಿಯ ಮನೆಯ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ಬೆರಳ ತುದಿಗಳು ಈಗ ಬೆಳ್ಳಗಿರಲಿಲ್ಲ, ಎಲ್ಲರ ಬೆರಳಿನ ಹಾಗಿದ್ದವು. ತಂಗಿ ನಾರಾಯಣಮ್ಮ ನನ್ನ ದನಿ ಗುರುತಿಸಿ, “ನೀವು ಕಣ್ಣಾಸ್ಪತ್ರೆಯೋರಲ್ವಾ?” ಎಂದರು. ನಾನು ಕೂತುಕೊಂಡು, ಭಾನುವಾರದಿಂದ ಗುರುವಾರದವರೆಗೆ ಏನೇನಾಯಿತು ಎಂಬುದನ್ನು ಒಂದಾದ ಮೇಲೊಂದು ಹೇಳಿದೆ. ದೀಪದ ವಿಷಯವನ್ನೂ ಹೇಳಿದೆ. ಟೀ ಅಂಗಡಿಯ ಮಾತನ್ನೂ ಹೇಳಿದೆ. ನಾರಾಯಣಮ್ಮ ನಡುವೆ ಎದ್ದು ಒಳಗೆ ಹೋದರು. ಪಿಳ್ಳಮ್ಮ ಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ.

“ಹಂಗಾರೆ ಅವತ್ತು ಹಾಡು ಇತ್ತು,” ಅಂದರು ಕೊನೆಗೆ. ದನಿ ಒಡೆದ ಕೊಳವೆಯ ಹಾಗಿತ್ತು. ನಾಲ್ಕು ಪದಕ್ಕೊಮ್ಮೆ ಉಸಿರು ಎಳೆದುಕೊಳ್ಳಬೇಕು.

“ಇತ್ತು ಅಕ್ಕ.”

“ನೀನು ಕಾಯ್ತಾ ಕೂತಿದ್ದೆ.”

“ಹೂಂ.”

“ನಮ್ಮನೆ ನೂರು ಹೆಜ್ಜೆ ಇತ್ತಲ್ಲಪ್ಪ. ಕರೆಯಾಕೆ ಯಾಕೆ ಬರ್ಲಿಲ್ಲ?”

ಹಿಂದೆ ಅವರು ನನ್ನನ್ನು ‘ನೀವು’ ಅನ್ನುತ್ತಿದ್ದರು. ಆ ‘ನೀನು’ ಕೇಳಿ ಒಂದು ಬಗೆಯ ಸಮಾಧಾನವಾಯಿತು, ಸರಿಯಾದ ಕಡೆ ಏಟು ಬಿದ್ದ ಹಾಗೆ. ಮರುದಿನ ವಾಚನಾಲಯದ ಬಾಗಿಲಿನಿಂದ ಅವರ ಹಳೇ ಮನೆಯವರೆಗೆ ನಡೆದು ಎಣಿಸಿದೆ. ಇನ್ನೂರ ಹನ್ನೆರಡು ಹೆಜ್ಜೆ. ಒಂದು ದೀಪ ಬಿಡಿಸುವಷ್ಟು ಹೊತ್ತೂ ಬೇಡ.

ಹಾಡನ್ನು ಕೇಳಬೇಕೆಂದು ನಾನು ಬಾಯಿಬಿಟ್ಟು ಹೇಳಲಿಲ್ಲ. ಅವರೇ ತಿಳಿದುಕೊಂಡರು. “ಪದ ಕೇಳ್ಬೇಡ. ಉಸ್ರಿಲ್ಲ. ಉಸ್ರಿದ್ರೂ ಈಗ ಬರಲ್ಲ. ಕೆರೆ ಏರಿ ತಂಕ ನೆಪ್ಪೈತೆ. ಅಲ್ಲಿಂದಾಚೆ ಆ ಹುಡ್ಗಿ ಎತ್ಲಾಗೆ ಹೋದ್ಳೋ ಕಾಣೆ.”

ನಾನು ಕೇಳಿದ್ದೂ ಏರಿಯವರೆಗೇ. ಆಚೆಯ ಹಾದಿ ಗೊತ್ತಿದ್ದದ್ದು ಅವರೊಬ್ಬರಿಗೆ. ಆ ಹಾದಿಯ ಒಂದಷ್ಟು ಭಾಗ ಈಗ ವಿಮಾನ ನಿಲ್ದಾಣದ ಬೇಲಿಯೊಳಗೆ ಸೇರಿಹೋಗಿದೆ, ಉಳಿದದ್ದರ ಮೇಲೆ ಬಡಾವಣೆಗಳ ಕಲ್ಲು ನೆಟ್ಟಿದ್ದಾರೆ. ಅಲ್ಲಿ ಯಾವ ತೋಪಿತ್ತು, ಬಾವಿಯ ಹತ್ತಿರ ಹುಡುಗಿಯನ್ನು ಯಾರು ಮಾತಾಡಿಸಿದರು, ಅವಳು ಏನೇನು ಬಿಟ್ಟು ಹೋದಳು, ಹೇಳುವವರಿಲ್ಲ. ಅವಳು ಏರಿಯ ಮೇಲೆ ನಿಂತೇ ಇದ್ದಾಳೆ.

ನಾನು ಹೊರಟಾಗ ಪಿಳ್ಳಮ್ಮ ಕೇಳಿದರು: “ಆ ಬೋರ್ಡು ಐತಾ?”

“ಇದೆ,” ಅಂದೆ. ಇದೆಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ.

“ಒಂದ್ಸಲ ಬರೆದು ತೋರ್ಸು. ನೋಡ್ಬೇಕು.”

ಬೋರ್ಡು ಇತ್ತು. ಮುರಿದ ಕುರ್ಚಿಗಳ ಹಿಂದೆ, ಒಂದು ಮೂಲೆ ಗೆದ್ದಲು ತಿಂದು, ಬೂದುಬಣ್ಣವಾಗಿ. ಬಡಗಿ ಮೂಲೆ ಸರಿಮಾಡಿಕೊಟ್ಟ. ಇವತ್ತು ಬೆಳಿಗ್ಗೆ ತೊಂಡೆ ಸೊಪ್ಪು ಅರೆದು, ಮಸಿ ಕಲಸಿ ಎರಡು ಸಲ ಹಚ್ಚಿ, ಬಿಸಿಲಿಗೆ ಒಣಗಿಸಿ, ವಾಚನಾಲಯದ ಹೊರಗೋಡೆಗೆ ನಿಲ್ಲಿಸಿದೆ. ಕೆಳಗಿನ ಅರ್ಧದಲ್ಲಿ ಮಾತ್ರ, ಹೆಚ್ಚುಕಡಿಮೆ ಅವತ್ತಿನ ಮಾತುಗಳನ್ನೇ ಬರೆದೆ: ‘ಇಂದು ಸಂಜೆ ನಾಲ್ಕು ಗಂಟೆಗೆ. ಶ್ರೀಮತಿ ಪಿಳ್ಳಮ್ಮನವರಿಂದ ಜನಪದ ಗಾಯನ. ಸರ್ವರಿಗೂ ಸ್ವಾಗತ.’ ದೊಡ್ಡದಾಗಿ, ಅರ್ಧ ಬೋರ್ಡು ತುಂಬುವ ಹಾಗೆ ಬರೆದೆ.

ಮೊದಲೇ ಹೇಳಿಕಳಿಸಿದ್ದೆ; ಮಧ್ಯಾಹ್ನ ಮೂರಕ್ಕೆ ಅಕ್ಕತಂಗಿ ಆಟೋದಲ್ಲಿ ಬಂದರು. ಪಿಳ್ಳಮ್ಮ ಕೋಲೂರಿಕೊಂಡು ಬೋರ್ಡಿನ ಮುಂದೆ ನಿಂತರು. ಬಹಳ ಹೊತ್ತು ಹುಡುಕಿದರು. ಆಮೇಲೆ ಕೋಲಿನ ತುದಿಯಿಂದ ಹೆಸರಿನ ಕೆಳಗಿನ ಎರಡು ಒತ್ತುಗಳನ್ನು ಒಂದೊಂದಾಗಿ, ಮುಟ್ಟದೆ, ತೋರಿಸಿದರು.

“ಇದೇ. ಎರಡು ಮರಿ.” ನನ್ನ ಕಡೆ ತಿರುಗಿದರು. “ಅವತ್ತೂ ಇಷ್ಟು ದೊಡ್ಡಕಿತ್ತಾ?”

ಹೌದು ಅನ್ನಬಹುದಾಗಿತ್ತು. ಯಾರಿಗೂ ನಷ್ಟವಿರಲಿಲ್ಲ.

“ಇಲ್ಲ ಅಕ್ಕ. ಚಿಕ್ಕದಿತ್ತು. ಆ ಎಡಮೂಲೆಯಲ್ಲಿ, ನನ್ನ ಅಂಗೈಯಷ್ಟು.”

“ನಂಗೊತ್ತು,” ಅಂದರು ಪಿಳ್ಳಮ್ಮ. “ನಾಲ್ಕು ದಿವ್ಸ ನೋಡಿದ್ನಲ್ಲ.”

ಅಷ್ಟರಲ್ಲಿ ಸ್ಕೂಟರಿನಲ್ಲಿ ಹೋಗುತ್ತಿದ್ದ ಒಬ್ಬ ಕಾಲೂರಿ ನಿಲ್ಲಿಸಿ ಓದಿದ. “ಏನ್ ಸಾರ್, ಬೋರ್ಡ್ ವಾಪಸ್ ಬಂತಾ! ಸೂಪರ್. ನಾಲ್ಕಕ್ಕಾ ಹಾಡು? ಅಮ್ಮನ್ನ ಕರ್ಕೊಂಡು ಬರ್ಲಾ?”

ಪಿಳ್ಳಮ್ಮನೇ ಅವನಿಗೆ, “ಇಲ್ಲ ಕಣಪ್ಪ, ಅದು ಹಳೇದು,” ಎಂದರು. ಅವನು ಹೋದ ಮೇಲೆ ನನಗೆ ಹೇಳಿದರು:

“ಆ ಗಂಟೆ ಬರೆದಿದ್ದೀಯಲ್ಲ, ಹಾಡು ಅಂತಾನೂ ಬರೆದಿದ್ದೀಯಲ್ಲ, ಅಷ್ಟನ್ನ ಒರೆಸು. ಜನ ಬಂದ್ಬಿಟ್ಟಾರು ಪಾಪ. ಹೆಸ್ರು ಇರ್ಲಿ.”

ಒದ್ದೆ ಬಟ್ಟೆಯ ಮೂಲೆಯನ್ನು ಬೆರಳಿಗೆ ಸುತ್ತಿಕೊಂಡು, ಗಂಟೆಯನ್ನು ಒರೆಸಿದೆ, ಗಾಯನವನ್ನು ಒರೆಸಿದೆ, ಸ್ವಾಗತವನ್ನು ಒರೆಸಿದೆ. ಅವರು ಪಕ್ಕದಲ್ಲೇ ನಿಂತು ನೋಡಿದರು. ಹೆಸರೊಂದೇ ಉಳಿಯಿತು. ಆಟೋ ಹತ್ತುವಾಗ ನಾರಾಯಣಮ್ಮ ನನಗೆ ತಲೆಯಾಡಿಸಿದರು. ಪಿಳ್ಳಮ್ಮ ತಿರುಗಿ ಬೋರ್ಡನ್ನು ನೋಡಿದರು, ನನ್ನನ್ನಲ್ಲ.

ಭಾನುವಾರದ ನೇತ್ರ ಶಿಬಿರವನ್ನೂ ಹೆಂಗಸರ ರಂಗೋಲಿ ಸ್ಪರ್ಧೆಯನ್ನೂ ಹೆಸರಿನ ಸುತ್ತ ಉಳಿದ ಜಾಗದಲ್ಲಿ ಚಿಕ್ಕ ಅಕ್ಷರದಲ್ಲಿ ಬರೆದು ಮನೆಗೆ ಬಂದೆ. ಬೆರಳು ಮೂಸಿದೆ, ವಾಸನೆ ಹಾಗೇ ಇತ್ತು. ಕಾಫಿ ಕುಡಿಯುತ್ತಿರುವಾಗ ಫೋನು ಟಿಂಗೆಂದಿತು. ಕೋಟೆ ಬೀದಿಯ ಒಬ್ಬರು ತೀರಿಕೊಂಡ ಸುದ್ದಿ. ಅದರ ಕೆಳಗೆ ಮುಗಿದ ಕೈಗಳ ಸಾಲು. ಸಾಲಿನ ನಡುವೆ ಯಾರೋ ಕೇಳಿದ್ದರು: ‘ಹಾಗಾದ್ರೆ ಅದೇ ಬೀದಿಯ ರಂಗೋಲಿ ಸ್ಪರ್ಧೆ ಇದೆಯಾ, ಇಲ್ವಾ?’ ಇನ್ನೊಬ್ಬರು ಆಗಲೇ ಉತ್ತರ ಕೊಟ್ಟಿದ್ದರು: ‘ಇರಲ್ಲ ಅನ್ಸುತ್ತೆ.’

ಸ್ಪರ್ಧೆ ನಡೆಸುವ ಹೆಣ್ಣುಮಗಳ ಮನೆ ನನಗೆ ಗೊತ್ತು. ಲೋಟ ಕೆಳಗಿಟ್ಟು ಎದ್ದೆ.

“ಈಗೆಲ್ಲಿಗೆ ರೀ? ಫೋನಲ್ಲೇ ಕೇಳಿದ್ರಾಗಲ್ವಾ?” ಎಂದಳು ಹೆಂಡತಿ.

“ಹೋಗೇ ಕೇಳ್ಕೊಂಡು ಬರ್ತೀನಿ,” ಎಂದು ಚಪ್ಪಲಿ ಮೆಟ್ಟಿಕೊಂಡೆ.